ಲೂಸಿಯೂ ನಮ್ಮ ರುಕ್ಮಿಣಿಯೂ

ಡಿಸೆಂಬರ್ 13ರ ಸಂಜೆ ನಮ್ಮೂರಿನ ಗ್ರಂಥಾಲಯದಲ್ಲಿ ಆಡಿದ ಮಾತುಗಳಿವು. ಬರಲು ಆಗದವರು ಬರೆದು ಕೊಡಿ ಅಂತ ಕೇಳಿದರು. ಹಾಗಾಗಿ ಬರೆಯುತ್ತಿದ್ದೇನೆ. ಅವತ್ತು ಸಮಯ ಸಾಲದೆ ಬಿಟ್ಟುಹೋದ ಒಂದೆರಡು ಸಂಗತಿಗಳನ್ನೂ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಂದೇ ಒಂದು ಹೆಸರಿನ ಬಗ್ಗೆ ಒಂದು ಗಂಟೆ ಏನು ಮಾತಾಡ್ತಾರೆ ಇವರು ಅಂತ ನಿಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಅದಕ್ಕೆ ಮೊದಲು ಕಾರಣ ಹೇಳಿಬಿಡುತ್ತೇನೆ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಹೆಸರು ಲೂಸಿ. ಅವಳ ಅಪ್ಪನಿಗೆ ವರ್ಗವಾಗಿ ಮಂಗಳೂರು ಕಡೆಯಿಂದ ನಮ್ಮೂರಿಗೆ ಬಂದಿದ್ದರು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಹಾಜರಿ ಕರೆಯುವಾಗ ಅವಳ ಹೆಸರು ಬಂದ ತಕ್ಷಣ ಹಿಂದಿನ ಬೆಂಚಿನಿಂದ ಯಾರಾದರೂ "ಲೂಸು" ಅನ್ನುತ್ತಿದ್ದರು, ಉಳಿದವರು ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

ಒಂದು ದಿನ ಮೇಡಂ ಎಲ್ಲರನ್ನೂ ಎಬ್ಬಿಸಿ ಅವರವರ ಹೆಸರಿನ ಅರ್ಥ ಕೇಳಿದರು. ಒಬ್ಬಳು ರುಕ್ಮಿಣಿ, ಕೃಷ್ಣನ ಹೆಂಡತಿ ಅಂದಳು. ಒಬ್ಬಳು ಸುಲೋಚನಾ, ಚಂದದ ಕಣ್ಣಿನವಳು ಅಂದಳು. ಲೂಸಿ ಎದ್ದು ನಿಂತು "ಗೊತ್ತಿಲ್ಲ ಮಿಸ್" ಅಂದಳು. ಮೇಡಂ ಬೈಯಲಿಲ್ಲ. ಸುಮ್ನೆ "ಅವರ ಹೆಸರುಗಳಿಗೆ ಅರ್ಥ ಇರಲ್ಲ, ಕೂತ್ಕೋ" ಅಂದರು. ಅವಳು ಕೂತಳು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು, ಆದರೆ ಅದಕ್ಕಿಂತ ದೊಡ್ಡ ತಪ್ಪು ಮಾತನ್ನು ನಾನು ಕ್ಲಾಸಿನಲ್ಲಿ ಕೇಳಿಲ್ಲ. ಅವತ್ತು ಎದ್ದು ನಿಂತ ಆ ಮೂರು ಹುಡುಗಿಯರ ಹೆಸರು, ಅಂದರೆ ರುಕ್ಮಿಣಿ, ಸುಲೋಚನಾ, ಲೂಸಿ, ಮೂರೂ ಒಂದೇ ಬೇರಿನಿಂದ ಹುಟ್ಟಿದವು. ಇದು ನನಗೆ ಗೊತ್ತಾಗಲು ಮೂವತ್ತು ವರ್ಷ ಬೇಕಾಯಿತು. ಇವತ್ತು ಅದನ್ನೇ ನಿಮಗೆ ಬಿಡಿಸಿ ಹೇಳುತ್ತೇನೆ.

ಲೂಸಿ ಅನ್ನುವುದು ಇಂಗ್ಲಿಷಿನ ರೂಪ. ಮೂಲ ಲ್ಯಾಟಿನ್, ಅಂದರೆ ಹಳೆಯ ರೋಮನ್ನರ ಭಾಷೆ. ಅದರಲ್ಲಿ ಬೆಳಕಿಗೆ 'ಲುಕ್ಸ್' ಅನ್ನುತ್ತಾರೆ. 'ಬೆಳಕಿನ' ಅನ್ನಬೇಕಾದರೆ 'ಲೂಕಿಸ್'. ಇದರಿಂದ ಗಂಡಸರಿಗೆ ಲೂಕಿಯುಸ್, ಹೆಂಗಸರಿಗೆ ಲೂಕಿಯಾ. ಹಳೆಯ ಲ್ಯಾಟಿನ್‌ನಲ್ಲಿ ಅದು ಸ ಅಲ್ಲ, ಚ ಅಲ್ಲ, ಸ್ಪಷ್ಟವಾದ ಕ. ಈ 'ಕ'ವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಲುಕ್ಸ್ ನಮಗೆ ಹೊಸ ಪದವೇನಲ್ಲ. ನಮ್ಮ ಬಚ್ಚಲುಮನೆಯಲ್ಲಿ ಎಷ್ಟೋ ವರ್ಷದಿಂದ ಇರುವ ಲಕ್ಸ್ ಸೋಪಿನ ಹೆಸರು ಅದೇ ಪದ. ಎಲ್‌ಇಡಿ ಬಲ್ಬಿನ ಡಬ್ಬಿಯ ಮೇಲೆ ಲ್ಯೂಮೆನ್ ಅಂತ ಬರೆದಿರುತ್ತದಲ್ಲ, ಅದೂ ಇದೇ ಮನೆಯದ್ದು. ಲ್ಯಾಟಿನ್‌ನಲ್ಲಿ ಚಂದ್ರನಿಗೆ ಲೂನಾ ಅನ್ನುತ್ತಾರೆ, ಅದೂ ಇದೇ.

ರೋಮನ್ನರಲ್ಲಿ ಗಂಡು ಮಕ್ಕಳಿಗೆ ಇಡುವ ಹೆಸರುಗಳು ಬಹಳ ಕಡಿಮೆ ಇದ್ದವು. ಎಲ್ಲರೂ ಬಳಸುತ್ತಿದ್ದವು ಇಪ್ಪತ್ತೂ ಇರಲಿಲ್ಲ. ಅದರಲ್ಲಿ ಲೂಕಿಯುಸ್ ತುಂಬಾ ಬಳಕೆಯಲ್ಲಿದ್ದ ಹೆಸರು, ಎಷ್ಟೆಂದರೆ ಶಾಸನಗಳಲ್ಲಿ ಪೂರ್ತಿ ಬರೆಯದೆ ಬರೀ ಮೊದಲ ಒಂದು ಅಕ್ಷರ ಕೆತ್ತಿದರೂ ಓದುವವರಿಗೆ ತಿಳಿಯುತ್ತಿತ್ತು. ಕ್ರಿಸ್ತಪೂರ್ವ 1ನೇ ಶತಮಾನದ ವಾರ್ರೋ ಎಂಬ ರೋಮನ್ ವಿದ್ವಾಂಸ ಈ ಹೆಸರಿಗೆ ಕಾರಣ ಕೊಟ್ಟಿದ್ದಾನೆ: ಬೆಳಕು ಹರಿಯುವ ಹೊತ್ತಿಗೆ ಹುಟ್ಟಿದವನು ಲೂಕಿಯುಸ್. ನಮ್ಮಲ್ಲಿ ಅರುಣ, ಉಷಾ ಅಂತ ಇಡುತ್ತೇವಲ್ಲ, ಹಾಗೆಯೇ.

ಹೆಣ್ಣು ಮಕ್ಕಳ ಕಥೆ ಬೇರೆ. ಅದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ. ಆ ಕಾಲದ ರೋಮ್‌ನಲ್ಲಿ ಹೆಚ್ಚಿನ ಹೆಣ್ಣು ಮಕ್ಕಳಿಗೆ ಅವರದ್ದೇ ಆದ ಹೆಸರು ಇರುತ್ತಿರಲಿಲ್ಲ. ಅಪ್ಪನ ಮನೆತನದ ಹೆಸರನ್ನೇ ಹೆಣ್ಣಿಗೆ ತಿರುಗಿಸಿ ಕರೆಯುತ್ತಿದ್ದರು. ಜೂಲಿಯಸ್ ಸೀಸರನ ಮಗಳು ಜೂಲಿಯಾ. ಅವನ ಇಬ್ಬರು ಅಕ್ಕತಂಗಿಯರೂ ಜೂಲಿಯಾ. ಅವನ ಅತ್ತೆ, ಅಂದರೆ ಅಪ್ಪನ ಸಹೋದರಿಯೂ ಜೂಲಿಯಾ. ಮನೆಯಲ್ಲಿ ಇಬ್ಬರಿದ್ದರೆ ದೊಡ್ಡವಳು, ಚಿಕ್ಕವಳು ಅಂತ ಸೇರಿಸುತ್ತಿದ್ದರು, ಮೂರನೆಯವಳಾದರೆ 'ಮೂರನೆಯವಳು' ಅನ್ನುವ ಅರ್ಥದ ತೆರ್ತಿಯಾ. ಹೀಗಿದ್ದಾಗ ಬೆಳಕು ಅನ್ನುವ ಅರ್ಥದ ಒಂದು ಹೆಸರು ಹೆಣ್ಣಿಗೆ ಸ್ವಂತವಾಗಿ ಸಿಕ್ಕಿ, ಅದು ಗಂಡಿನ ರೂಪವಾದ ಲೂಕಿಯುಸ್‌ಗಿಂತ ಜಾಸ್ತಿ ಬಾಳಿ ಉಳಿದಿದ್ದು ಸಣ್ಣ ವಿಷಯ ಅಲ್ಲ ಅಂತ ನನ್ನ ಅನಿಸಿಕೆ.

ಬೆಳಕಿಗೂ ಹೆಣ್ಣಿಗೂ ರೋಮನ್ನರ ಮನಸ್ಸಿನಲ್ಲಿ ಇನ್ನೊಂದು ನಂಟಿತ್ತು. ಅದು ಹೆರಿಗೆ. ಹೆರಿಗೆ ನೋಡಿಕೊಳ್ಳುವ ದೇವತೆಗೆ ಅವರು ಜೂನೋ ಲೂಕಿನಾ ಅನ್ನುತ್ತಿದ್ದರು. ಮಗುವನ್ನು ಕತ್ತಲಿನಿಂದ ಬೆಳಕಿಗೆ ತರುವವಳು. ರೋಮ್ ನಗರದ ಎಸ್ಕ್ವಿಲೀನ್ ಗುಡ್ಡದ ಮೇಲೆ ಅವಳಿಗೆ ಕ್ರಿ.ಪೂ. 375ರಲ್ಲಿ ಗುಡಿ ಕಟ್ಟಿದರು. ಮಾರ್ಚ್ 1ಕ್ಕೆ ಅವಳ ಹಬ್ಬ, ಮದುವೆಯಾದ ಹೆಂಗಸರ ಹಬ್ಬ. ಬಸುರಿಯರು ಅವಳ ಮುಂದೆ ಬೇಡಿಕೊಳ್ಳುವಾಗ ಕೂದಲು ಬಿಚ್ಚಿಕೊಳ್ಳಬೇಕು ಅಂತ ಓವಿಡ್ ಕವಿ ಹೇಳುತ್ತಾನೆ. ಜಡೆಯ ಗಂಟು ಸಡಿಲವಾದ ಹಾಗೆ ಹೆರಿಗೆಯೂ ಸಲೀಸಾಗಿ ಆಗಲಿ ಅಂತ. ಇವತ್ತಿಗೂ ಇಟಲಿ, ಸ್ಪೇನ್, ಪೋರ್ಚುಗಲ್ ದೇಶಗಳ ಭಾಷೆಯಲ್ಲಿ ಹೆರುವುದಕ್ಕೆ 'ಬೆಳಕಿಗೆ ಕೊಡುವುದು' ಅನ್ನುತ್ತಾರೆ. ಆಸ್ಪತ್ರೆಯ ಹೊರಗೆ ನಿಂತ ಅಜ್ಜಿ "ಮಗಳು ಬೆಳಕಿಗೆ ಕೊಟ್ಟಳು" ಅಂದರೆ ಹೆರಿಗೆ ಆಯಿತು ಅಂತ ಅರ್ಥ.

ಈಗ ನಮ್ಮ ಮನೆಯ ಕಡೆ ಬರೋಣ.

ಸಂಸ್ಕೃತದಲ್ಲಿ 'ರುಚ್' ಅಂತ ಒಂದು ಧಾತು ಇದೆ. ಹೊಳೆಯುವುದು ಅಂತ ಅರ್ಥ. ರುಚಿ ಅನ್ನುವ ಪದ ಅದರಿಂದಲೇ ಬಂದಿದ್ದು. ಇವತ್ತು ನಾವು ರುಚಿ ಅಂದರೆ ನಾಲಿಗೆ ಅಂದುಕೊಳ್ಳುತ್ತೇವೆ, ಆದರೆ ಅದರ ಮೊದಲ ಅರ್ಥ ಕಾಂತಿ, ಹೊಳಪು. ಹೊಳೆದದ್ದು ಮನಸ್ಸಿಗೆ ಹಿಡಿಸುತ್ತದೆ, ಹಿಡಿಸಿದ್ದು ರುಚಿಸುತ್ತದೆ, ಹಾಗೆ ಅರ್ಥ ನಿಧಾನವಾಗಿ ಅಡುಗೆಮನೆಗೆ ಬಂತು. ಇದೇ ಧಾತುವಿನಿಂದ ರುಕ್ಮ, ಅಂದರೆ ಹೊಳೆಯುವ ಚಿನ್ನ. ರುಕ್ಮದಿಂದ ರುಕ್ಮಿಣಿ. ರೋಚಕ, ರುಚಿರ, ವಿರೋಚನ, ಇವೆಲ್ಲ ಅದೇ ಬಳ್ಳಿಯ ಕಾಯಿಗಳು.

ಸಂಸ್ಕೃತದ ರುಚ್, ಲ್ಯಾಟಿನ್‌ನ ಲುಕ್ಸ್, ಇವೆರಡೂ ಒಂದೇ ಹಳೆಯ ಬೇರಿನ ಎರಡು ಟಿಸಿಲುಗಳು. ಭಾಷಾಶಾಸ್ತ್ರ ಓದಿದವರು ಆ ಬೇರನ್ನು 'ಲೆಉಕ್' ಅಂತ ಊಹಿಸಿ ಬರೆಯುತ್ತಾರೆ. ಗ್ರೀಕಿನಲ್ಲಿ ಅದು ಲ್ಯೂಕೋಸ್, ಬಿಳಿ ಅಂತ ಅರ್ಥ, ನಾವು ಭಯದಿಂದ ಹೇಳುವ ಲ್ಯುಕೀಮಿಯಾ ಪದದೊಳಗೆ ಅದೇ ಇದೆ. ಇಂಗ್ಲಿಷಿನ ಲೈಟ್ ಕೂಡ ಅಲ್ಲಿಂದಲೇ.

ಇಲ್ಲಿ ಒಬ್ಬರು ಕೈ ಎತ್ತಿ ಕೇಳಿದರು: "ಅಲ್ಲ, ಒಂದರಲ್ಲಿ ರ, ಇನ್ನೊಂದರಲ್ಲಿ ಲ. ಒಂದರಲ್ಲಿ ಚ, ಇನ್ನೊಂದರಲ್ಲಿ ಕ. ಹೇಗೆ ಒಂದೇ ಆಗುತ್ತದೆ?" ಬಹಳ ಒಳ್ಳೆಯ ಪ್ರಶ್ನೆ. ಸದ್ದು ಹತ್ತಿರ ಇದೆ ಅಂತ ನೆಂಟಸ್ತನ ಕಟ್ಟಬಾರದು. ಲೂಸಿ ಅಂದರೆ ಲಕ್ಕಿ ಅಂತ ಹೇಳುವವರಿದ್ದಾರೆ, ಅದು ತಪ್ಪು, ಇಂಗ್ಲಿಷಿನ ಲಕ್ ಬೇರೆ ಮನೆಯ ಪದ. ಲಕ್ಸ್ ಮತ್ತು ಲಕ್ಷ್ಮಿ ಒಂದೇ ಅನ್ನುವವರೂ ಇದ್ದಾರೆ, ಅದೂ ತಪ್ಪು, ಲಕ್ಷ್ಮಿ ಇರುವುದು ಲಕ್ಷಣ, ಲಕ್ಷ್ಯಗಳ ಸಾಲಿನಲ್ಲಿ. ನೆಂಟಸ್ತನ ಹೇಳಬೇಕಾದರೆ ಸದ್ದು ಬದಲಾಗುವ ದಾರಿಯನ್ನು ತೋರಿಸಬೇಕು.

ರ ಮತ್ತು ಲ ಮೊದಲು. ಸಂಸ್ಕೃತದೊಳಗೇ ಇವೆರಡು ಅದಲುಬದಲಾಗುತ್ತವೆ. ಮೈ ಕೂದಲಿಗೆ ರೋಮ ಅನ್ನುತ್ತಾರೆ, ಲೋಮ ಅಂತಲೂ ಅನ್ನುತ್ತಾರೆ. ಎರಡೂ ನಿಘಂಟಿನಲ್ಲಿವೆ. ಹಳೆಯ ಲ ಅಲ್ಲಿ ಬಹಳ ಕಡೆ ರ ಆಗಿದೆ, ಕೆಲವು ಕಡೆ ಲ ಆಗಿಯೇ ಉಳಿದಿದೆ. ಈ ರುಚ್ ಧಾತುವಿಗೂ ಲ ಇರುವ ಒಂದು ಜೋಡಿ ಇದೆ. ಅದರಿಂದ ಬಂದಿದ್ದು ಲೋಚನ, ಅಂದರೆ ಕಣ್ಣು. ಬೆಳಕನ್ನು ಕಾಣುವ ಅಂಗ. ಆಲೋಚನೆ, ಅವಲೋಕನ ಎಲ್ಲಾ ಅದೇ. ಆ ದಿನ ಕ್ಲಾಸಿನಲ್ಲಿ ಎದ್ದು ನಿಂತಿದ್ದ ಸುಲೋಚನಾ ಅಲ್ಲಿಂದ ಬಂದಳು.

ಈಗ ಕ ಮತ್ತು ಚ. ಇದನ್ನು ತಿಳಿಯಲು ಕನ್ನಡದವರಿಗೆ ಲ್ಯಾಟಿನ್ ಪುಸ್ತಕ ಬೇಡ, ಗಡಿ ದಾಟಿದರೆ ಸಾಕು. ನಾವು ಕಿವಿ ಅನ್ನುತ್ತೇವೆ, ತೆಲುಗಿನವರು ಚೆವಿ ಅನ್ನುತ್ತಾರೆ, ತಮಿಳಿನವರು ಸೆವಿ. ನಮ್ಮ ಕೆರೆ ಆಂಧ್ರದಲ್ಲಿ ಚೆರುವು. ಇ, ಎ ಸ್ವರಗಳು ಮುಂದೆ ಬಂದಾಗ ಕ ಮೆತ್ತಗಾಗಿ ಚ ಆಗುವುದು, ಆಮೇಲೆ ಸ ಆಗುವುದು ನಾಲಿಗೆಗೆ ಸಹಜ. ನಮ್ಮ ಕನ್ನಡ ಆ ಹಳೆಯ ಕ ಹಿಡಿದುಕೊಂಡು ಕೂತಿತು. ಲ್ಯಾಟಿನ್‌ನಲ್ಲೂ ಆಗಿದ್ದು ಇಷ್ಟೇ. ಹಳೆಯ ಲೂಕಿಯಾ ಇಟಲಿಯವರ ಬಾಯಲ್ಲಿ ಲುಚೀಯಾ ಆಯಿತು. ಫ್ರೆಂಚರ ಬಾಯಲ್ಲಿ ಲೂಸಿ, ಪೋರ್ಚುಗೀಸರಲ್ಲಿ ಲೂಸಿಯಾ, ಹಂಗೇರಿಯವರಲ್ಲಿ ಲೂತ್ಸಾ. ಸಂಸ್ಕೃತದಲ್ಲೂ ಅದೇ ನಡೆದಿದೆ ನೋಡಿ: ಮುಂದೆ ಮ ಇದ್ದಾಗ ಕ ಉಳಿದು ರುಕ್ಮ, ಮುಂದೆ ಇ ಬಂದಾಗ ಮೆತ್ತಗಾಗಿ ರುಚಿ. ಇಟಲಿಯ ಹುಡುಗಿ 'ಲುಚಿ' ಅನ್ನುವಾಗ, ನಮ್ಮ ಹುಡುಗಿ 'ರುಚಿ' ಅನ್ನುವಾಗ, ಸಾವಿರಾರು ಮೈಲಿ ದೂರದಲ್ಲಿ, ಒಬ್ಬರಿಗೊಬ್ಬರು ಗೊತ್ತಿಲ್ಲದೆ, ಇಬ್ಬರ ನಾಲಿಗೆಯೂ ಒಂದೇ ಪದಕ್ಕೆ ಒಂದೇ ಬದಲಾವಣೆ ಮಾಡಿದೆ. ಇದು ನನಗೆ ಮೊದಲ ಸಲ ಹೊಳೆದ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಪದ ಬಿಡಲು ಮನಸ್ಸಿಲ್ಲ. ಲ್ಯಾಟಿನ್‌ನಲ್ಲಿ ದೇವರ ತೋಪಿಗೆ 'ಲೂಕುಸ್' ಅನ್ನುತ್ತಾರೆ. ತೋಪು ಕತ್ತಲು, ಅದಕ್ಕೆ ಬೆಳಕಿನ ಹೆಸರು ಯಾಕೆ? ರೋಮನ್ ಪಂಡಿತರು ಇದಕ್ಕೆ, ಅಲ್ಲಿ ಬೆಳಕು ಇಲ್ಲ, ಅದಕ್ಕೇ ಆ ಹೆಸರು ಅಂತ ವಿವರಣೆ ಕೊಟ್ಟರು. ಆ ವಿವರಣೆ ಎಷ್ಟು ವಿಚಿತ್ರವೆಂದರೆ, ತಲೆಬುಡ ಇಲ್ಲದ ಪದವ್ಯುತ್ಪತ್ತಿಗೆ ಯೂರೋಪಿನಲ್ಲಿ ಅದೇ ಗಾದೆಯಾಗಿ ಉಳಿಯಿತು. ಆದರೆ ಪದ ನಿಜವಾಗಿಯೂ ಬೆಳಕಿನ ಬೇರಿನದ್ದೇ. ದಟ್ಟ ಕಾಡಿನ ನಡುವೆ ಮರ ಕಡಿದು ತೆರವಾದ ಜಾಗ, ಬಿಸಿಲು ನೆಲ ಮುಟ್ಟುವ ಜಾಗ, ಅದು ಲೂಕುಸ್‌ನ ಮೊದಲ ಅರ್ಥ. ಸಂಸ್ಕೃತದಲ್ಲಿ ಅದರ ಜೋಡಿ ಪದ ಯಾವುದು ಗೊತ್ತಾ? ಲೋಕ. ಬಯಲು, ತೆರೆದ ಜಾಗ, ಕಣ್ಣಿಗೆ ಕಾಣುವಷ್ಟು ಜಾಗ, ಹಾಗೇ ಬೆಳೆದು ಇಡೀ ಜಗತ್ತು. ಲೋಕ ಅನ್ನುವಾಗಲೆಲ್ಲ ನಾವು ಲೂಸಿಯ ಮನೆಯ ಪದ ಹೇಳುತ್ತಿದ್ದೇವೆ.

ಇಷ್ಟು ಪದದ ಕಥೆ. ಆದರೆ ಪದ ಚೆನ್ನಾಗಿದೆ ಅಂತ ಮಾತ್ರ ಒಂದು ಹೆಸರು ಹದಿನೇಳು ನೂರು ವರ್ಷ ಊರೂರು ಸುತ್ತುವುದಿಲ್ಲ. ಅದಕ್ಕೆ ಒಬ್ಬ ಹುಡುಗಿ ಬೇಕಾಯಿತು.

ಇಟಲಿಯ ಸಿಸಿಲಿ ದ್ವೀಪದ ಸಿರಾಕ್ಯೂಸ್ ಪಟ್ಟಣದ ಹುಡುಗಿ ಅವಳು, ಹೆಸರು ಲೂಸಿಯಾ. ಕ್ರಿ.ಶ. 304ರಲ್ಲಿ, ಡಯೋಕ್ಲೀಶಿಯನ್ ಚಕ್ರವರ್ತಿ ಕ್ರೈಸ್ತರನ್ನು ಹಿಂಸಿಸುತ್ತಿದ್ದ ಕಾಲದಲ್ಲಿ, ಅವಳನ್ನು ಕೊಂದರು ಅಂತ ಪರಂಪರೆ ಹೇಳುತ್ತದೆ. ಅವಳ ಕಥೆ ಹೀಗಿದೆ. ಅಮ್ಮನಿಗೆ ವಾಸಿಯಾಗದ ರಕ್ತಸ್ರಾವ. ಮಗಳು ಅಮ್ಮನನ್ನು ಕರೆದುಕೊಂಡು ಕತಾನಿಯಾ ಊರಿನಲ್ಲಿದ್ದ ಸಂತ ಆಗತಾಳ ಸಮಾಧಿಗೆ ಹೋಗುತ್ತಾಳೆ. ಅಮ್ಮನಿಗೆ ಗುಣವಾಗುತ್ತದೆ. ಆಮೇಲೆ ತನ್ನ ಮದುವೆಗೆ ಇಟ್ಟಿದ್ದ ಹಣವನ್ನು ಬಡವರಿಗೆ ಹಂಚುತ್ತಾಳೆ, ನನಗೆ ಮದುವೆ ಬೇಡ ಅನ್ನುತ್ತಾಳೆ. ಗೊತ್ತಾಗಿದ್ದ ಗಂಡು ಸಿಟ್ಟಿಗೆದ್ದು ಅಧಿಕಾರಿಗೆ ದೂರು ಕೊಡುತ್ತಾನೆ. ಅವಳನ್ನು ವೇಶ್ಯಾಗೃಹಕ್ಕೆ ಎಳೆದುಹಾಕಿ ಅಂತ ಅಪ್ಪಣೆಯಾಗುತ್ತದೆ. ಎಳೆದರೆ ಅವಳು ಕದಲುವುದಿಲ್ಲ, ಎತ್ತುಗಳನ್ನು ಕಟ್ಟಿ ಎಳೆದರೂ ಕದಲುವುದಿಲ್ಲ. ಕೊನೆಗೆ ಕುತ್ತಿಗೆಗೆ ಕತ್ತಿಯಿಂದ ಇರಿಯುತ್ತಾರೆ.

ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ನಂಬಿಕೆ ಅನ್ನುವುದನ್ನು ನೀವೇ ತೂಗಿ. ಆದರೆ ಅವಳ ಹಬ್ಬ ಬಹಳ ಹಳೆಯದು ಅನ್ನುವುದಕ್ಕೆ ಕಲ್ಲಿನ ಸಾಕ್ಷಿ ಇದೆ. 1894ರಲ್ಲಿ ಪಾವೊಲೋ ಓರ್ಸಿ ಎಂಬ ಪುರಾತತ್ವಜ್ಞರಿಗೆ ಸಿರಾಕ್ಯೂಸಿನ ನೆಲದಡಿಯ ಸಮಾಧಿಗಳಲ್ಲಿ ಗ್ರೀಕ್ ಬರಹದ ಒಂದು ಕಲ್ಲು ಸಿಕ್ಕಿತು. ಎಯುಸ್ಕಿಯಾ ಎಂಬ ಹೆಂಗಸಿನ ಸಮಾಧಿಗೆ ಇಟ್ಟ ಕಲ್ಲು. ಅವಳು ತೀರಿಕೊಂಡಿದ್ದು 'ನನ್ನ ಒಡತಿ ಲೂಸಿಯಾಳ ಹಬ್ಬದ ದಿನ' ಅಂತ ಅದರಲ್ಲಿ ಕೆತ್ತಿದೆ. ಯಾವುದೋ ಮನೆಯ ದುಃಖದ ನಡುವೆ ಸುಮ್ನೆ ಬಂದುಹೋಗುವ ಒಂದು ಮಾತು. ನನಗೆ ದೊಡ್ಡ ದೊಡ್ಡ ಪವಾಡದ ಕಥೆಗಳಿಗಿಂತ ಆ ಒಂದು ಸಾಲೇ ಹೆಚ್ಚು ನಿಜ ಅನಿಸುತ್ತದೆ.

ಕಣ್ಣಿನ ಮಾತು ಆಮೇಲೆ ಬಂತು. ಚಿತ್ರಗಳಲ್ಲಿ ಸಂತ ಲೂಸಿಯಾ ಒಂದು ತಟ್ಟೆಯಲ್ಲಿ ಎರಡು ಕಣ್ಣು ಹಿಡಿದಿರುತ್ತಾಳೆ. ಫ್ರಾಂಚೆಸ್ಕೋ ದೆಲ್ ಕೊಸ್ಸಾ 1470ರ ದಶಕದಲ್ಲಿ ಬರೆದ ಚಿತ್ರದಲ್ಲಂತೂ ಆ ಕಣ್ಣುಗಳು ಹೂವಿನ ಹಾಗೆ ಒಂದು ದಂಟಿನ ತುದಿಯಲ್ಲಿ ಅರಳಿವೆ. ಅವಳ ಕಣ್ಣು ಕಿತ್ತರು ಅಂತ ಕೆಲವರು, ಅವಳೇ ಕಿತ್ತುಕೊಟ್ಟಳು ಅಂತ ಕೆಲವರು. ಹಳೆಯ ಕಥೆಯಲ್ಲಿ ಇದು ಇಲ್ಲವೇ ಇಲ್ಲ. ಹೆಸರಿನಲ್ಲಿ ಬೆಳಕಿದೆ, ಬೆಳಕು ಬೇಕಾಗಿರುವುದು ಕಣ್ಣಿಗೆ, ಹಾಗೆ ಹೆಸರೇ ಕಥೆಯನ್ನು ಹುಟ್ಟಿಸಿದೆ. ಇವತ್ತಿಗೂ ಕಣ್ಣು ನೋವು ಬಂದ ಕ್ಯಾಥೋಲಿಕರು ಅವಳಿಗೆ ಹರಕೆ ಹೊರುತ್ತಾರೆ. ಲೋಚನವೂ ಲೂಸಿಯಾವೂ ಒಂದೇ ಬೇರು ಅಂತ ಆ ಚಿತ್ರಕಾರನಿಗೆ ಗೊತ್ತಿರಲು ಸಾಧ್ಯವೇ ಇರಲಿಲ್ಲ. ಆದರೂ ಹೆಸರು ತನ್ನ ನೆಂಟರನ್ನು ತಾನೇ ಹುಡುಕಿಕೊಂಡ ಹಾಗಿದೆ.

ಅವಳ ಶರೀರ ಅಂತ ಪೂಜಿಸುವ ಅವಶೇಷ ವೆನಿಸ್‌ನಲ್ಲಿದೆ. ಅಲ್ಲಿ ಅವಳ ಹೆಸರಿನ ಒಂದು ಚರ್ಚ್ ಇತ್ತು. 1861ರಲ್ಲಿ ರೈಲು ನಿಲ್ದಾಣಕ್ಕೋಸ್ಕರ ಅದನ್ನು ಕೆಡವಿದರು, ಅವಶೇಷವನ್ನು ಹತ್ತಿರದ ಇನ್ನೊಂದು ಚರ್ಚಿಗೆ ಸಾಗಿಸಿದರು. ಹೆಸರು ಮಾತ್ರ ಬಿಡಲಿಲ್ಲ. ವೆನಿಸ್‌ನ ಆ ನಿಲ್ದಾಣ ಇವತ್ತಿಗೂ ಸಾಂತಾ ಲುಚೀಯಾ. ನಿಮ್ಮಲ್ಲಿ ಯಾರ ಮಕ್ಕಳಾದರೂ ಯೂರೋಪ್ ಸುತ್ತಿ ಬಂದಿದ್ದರೆ ಅವರ ಟಿಕೆಟಿನ ಮೇಲೆ ಈ ಹೆಸರು ಇದ್ದಿರಬಹುದು.

ಇವತ್ತೇ ಈ ಮಾತು ಯಾಕೆ ಇಟ್ಟುಕೊಂಡೆ ಅಂದರೆ, ಡಿಸೆಂಬರ್ 13 ಅವಳ ಹಬ್ಬ. ಇಟಲಿಯಲ್ಲಿ ಒಂದು ಗಾದೆ ಇದೆ: ಸಾಂತಾ ಲುಚೀಯಾ, ಇರುವುದರಲ್ಲೇ ಅತಿ ಚಿಕ್ಕ ದಿನ. ಆದರೆ ಅತಿ ಚಿಕ್ಕ ಹಗಲು ಡಿಸೆಂಬರ್ 21 ಅಥವಾ 22 ಅಲ್ವಾ? ಗಾದೆ ಹುಟ್ಟಿದಾಗ ಸರಿಯಾಗಿಯೇ ಇತ್ತು. ಹಳೆಯ ಜೂಲಿಯನ್ ಕ್ಯಾಲೆಂಡರಿನಲ್ಲಿ ವರ್ಷದ ಉದ್ದ ನಿಜಕ್ಕಿಂತ ಹನ್ನೊಂದು ನಿಮಿಷದಷ್ಟು ಜಾಸ್ತಿ ಹಿಡಿದಿದ್ದರು. ನೂರಾರು ವರ್ಷದಲ್ಲಿ ಆ ನಿಮಿಷಗಳು ಸೇರಿ ದಿನಗಳಾದವು. 14ನೇ ಶತಮಾನದ ಹೊತ್ತಿಗೆ ಅತಿ ಚಿಕ್ಕ ಹಗಲು ಡಿಸೆಂಬರ್ 13ರ ಸುಮಾರಿಗೆ ಬಂದುಬಿಟ್ಟಿತ್ತು. 1582ರಲ್ಲಿ ಪೋಪ್ 13ನೇ ಗ್ರೆಗರಿ ಅಕ್ಟೋಬರ್ 4 ಆದ ಮೇಲೆ ನೇರ ಅಕ್ಟೋಬರ್ 15 ಅಂತ ಹತ್ತು ದಿನ ಹಾರಿಸಿ ಲೆಕ್ಕ ಸರಿ ಮಾಡಿದರು. ಸೂರ್ಯ ತನ್ನ ಜಾಗಕ್ಕೆ ಹೋದ, ಹಬ್ಬ ಮಾತ್ರ ಅಲ್ಲೇ ಉಳಿಯಿತು. ನಮಗೆ ಇದು ಅರ್ಥವಾಗುವುದು ಸುಲಭ, ಯಾಕೆಂದರೆ ನಾವೂ ಉತ್ತರಾಯಣ ಅಂತ ಎಳ್ಳುಬೆಲ್ಲ ಹಂಚುವುದು ಜನವರಿ ಮಧ್ಯದಲ್ಲಿ, ಆದರೆ ಸೂರ್ಯ ಉತ್ತರಕ್ಕೆ ತಿರುಗುವುದು ಡಿಸೆಂಬರಿನಲ್ಲೇ. ಕಾರಣ ಬೇರೆ, ಅದು ಅಯನಾಂಶದ ಲೆಕ್ಕ, ಅಂದರೆ ನಕ್ಷತ್ರಗಳನ್ನು ನೋಡಿ ಹಿಡಿಯುವ ಲೆಕ್ಕಕ್ಕೂ ಸೂರ್ಯ ನಿಜವಾಗಿ ತಿರುಗುವ ದಿನಕ್ಕೂ ಬೀಳುವ ಅಂತರ. ಆದರೆ ಸೂರ್ಯ ಒಂದು ದಿನಕ್ಕೆ, ಹಬ್ಬ ಇನ್ನೊಂದು ದಿನಕ್ಕೆ ಅಂತ ಬೇರೆಯಾಗುವುದು ಎರಡೂ ಕಡೆ ಒಂದೇ.

ಸ್ವೀಡನ್‌ನಲ್ಲಿ ಈ ಹಬ್ಬ ನೋಡಬೇಕು. ಡಿಸೆಂಬರಿನಲ್ಲಿ ಸ್ಟಾಕ್‌ಹೋಮ್‌ನಂಥ ಊರಿನಲ್ಲಿ ಹಗಲು ಇರುವುದು ಆರು ಗಂಟೆ. ಉತ್ತರದ ತುದಿಗೆ ಹೋದರೆ ಸೂರ್ಯ ಹುಟ್ಟುವುದೇ ಇಲ್ಲ. ಆ ಕತ್ತಲಿನ ಬೆಳಗಿನ ಜಾವ ಒಬ್ಬ ಹುಡುಗಿ ಬಿಳಿ ಅಂಗಿ ತೊಟ್ಟು, ಸೊಂಟಕ್ಕೆ ಕೆಂಪು ಪಟ್ಟಿ ಕಟ್ಟಿ, ತಲೆಯ ಮೇಲೆ ಉರಿಯುವ ಮೊಂಬತ್ತಿಗಳ ಕಿರೀಟ ಇಟ್ಟುಕೊಂಡು ಹಾಡುತ್ತಾ ಬರುತ್ತಾಳೆ. ಹಿಂದೆ ಸಾಲಾಗಿ ಉಳಿದ ಮಕ್ಕಳು. ಕೈಯಲ್ಲಿ ಕಾಫಿ, ಕೇಸರಿ ಹಾಕಿದ ಹಳದಿ ಬನ್ನು. ಆ ಕೆಂಪು ಪಟ್ಟಿ ಹುತಾತ್ಮಳ ರಕ್ತದ ಗುರುತು. ಬಿಳಿ ಅಂಗಿಯ ಲೂಸಿಯಾ ಅಲ್ಲಿ ಮೊದಲು ದಾಖಲಾಗಿದ್ದು 1764ರಲ್ಲಿ, 1927ರಲ್ಲಿ ಸ್ಟಾಕ್‌ಹೋಮಿನ ಒಂದು ಪತ್ರಿಕೆ ಲೂಸಿಯಾ ಆಯ್ಕೆಯ ಸ್ಪರ್ಧೆ ಶುರುಮಾಡಿದ ಮೇಲೆ ದೇಶಕ್ಕೆಲ್ಲ ಹಬ್ಬಿತು. ಸ್ವೀಡನ್ ಪ್ರಾಟೆಸ್ಟಂಟ್ ದೇಶ, ಸಂತರ ಹಬ್ಬಗಳನ್ನು ಅವರು ಯಾವತ್ತೋ ಕೈಬಿಟ್ಟಿದ್ದಾರೆ. ಆದರೂ ಇವಳನ್ನು ಬಿಡಲಿಲ್ಲ. ಅಷ್ಟು ಕತ್ತಲಿರುವ ಊರಿನವರು ಬೆಳಕು ಅನ್ನುವ ಹೆಸರಿನವಳನ್ನು ಹೇಗೆ ಬಿಡುತ್ತಾರೆ?

ಅವಳ ತವರಾದ ಸಿಸಿಲಿಯಲ್ಲಿ ಅವತ್ತು ಬೆಳಕಿಗಿಂತ ಊಟ ಮುಖ್ಯ. 1646ರಲ್ಲಿ ಅಲ್ಲಿ ಬರ ಬಿದ್ದಿತ್ತಂತೆ, ಅವಳ ಹಬ್ಬದ ದಿನವೇ ಗೋಧಿ ತುಂಬಿದ ಹಡಗು ಬಂದರಿಗೆ ಬಂತಂತೆ. ಹಸಿದ ಜನ ಬೀಸುವಷ್ಟು ಕಾಯಲಿಲ್ಲ, ಕಾಳನ್ನೇ ಬೇಯಿಸಿ ತಿಂದರು. ಆ ನೆನಪಿಗೆ ಇವತ್ತಿಗೂ ಡಿಸೆಂಬರ್ 13ರಂದು ಅಲ್ಲಿನ ಎಷ್ಟೋ ಮನೆಗಳಲ್ಲಿ ಬ್ರೆಡ್ಡು, ಪಾಸ್ತಾ ಮುಟ್ಟುವುದಿಲ್ಲ. ಇಡೀ ಗೋಧಿ ನೆನೆಸಿ ಬೇಯಿಸಿ, ಸಿಹಿ ಮಾಡಿದ ರಿಕೋಟಾ ಗಿಣ್ಣು ಕಲಸಿ ತಿನ್ನುತ್ತಾರೆ. ಅದಕ್ಕೆ ಕುಚ್ಚೀಯಾ ಅನ್ನುತ್ತಾರೆ. ನಾನು ಇದನ್ನು ಹೇಳುತ್ತಿದ್ದ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದ ಹುಬ್ಬಳ್ಳಿಯ ಅಜ್ಜಿಯೊಬ್ಬರು "ಗೋಧಿ ಹುಗ್ಗಿ ಅನ್ರಿ" ಅಂದರು. ಹೌದು, ಬೆಲ್ಲ ಮತ್ತು ಗಸಗಸೆ ಬಿಟ್ಟರೆ ಮಿಕ್ಕಿದ್ದು ಅದೇ.

ಹಂಗೇರಿಯಲ್ಲಿ ಲೂತ್ಸಾಳ ದಿನ ಒಂದು ತಟ್ಟೆಯಲ್ಲಿ ಗೋಧಿ ಬಿತ್ತುತ್ತಾರೆ, ಕ್ರಿಸ್‌ಮಸ್ ಹೊತ್ತಿಗೆ ಹಸಿರು ಮೊಳಕೆ ಎದ್ದಿರುತ್ತದೆ. ನವರಾತ್ರಿಗೆ ಘಟ ಹಾಕಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಅವತ್ತೇ ಒಂದು ಮರದ ಮಣೆ ಮಾಡಲು ಶುರುಮಾಡಿ ದಿನಕ್ಕೆ ಸ್ವಲ್ಪ ಸ್ವಲ್ಪ ಕೆಲಸ ಮಾಡಿ ಕ್ರಿಸ್‌ಮಸ್ ಹಿಂದಿನ ದಿನ ಮುಗಿಸುವ ಪದ್ಧತಿಯೂ ಇತ್ತು. ಹಾಗಾಗಿ ನಿಧಾನವಾಗಿ ಆಗುವ ಕೆಲಸಕ್ಕೆ ಅಲ್ಲಿ 'ಲೂತ್ಸಾಳ ಮಣೆ' ಅನ್ನುತ್ತಾರೆ.

ನಮ್ಮ ಕಡೆಗೆ ಈ ಹೆಸರು ಬಂದಿದ್ದು ಪೋರ್ಚುಗೀಸರ ಹಡಗಿನಲ್ಲಿ. ಗೋವಾ, ಅಲ್ಲಿಂದ ಕರಾವಳಿ. ಮಂಗಳೂರಿನ ಯಾವುದೇ ಹಳೆಯ ಬೀದಿಯಲ್ಲಿ ಕೇಳಿ, ಒಬ್ಬರಾದರೂ ಲೂಸಿ ಬಾಯಿ ಸಿಗುತ್ತಾರೆ. ಕೊಂಕಣಿ ಕ್ಯಾಥೋಲಿಕ್ ಹೆಂಗಸರನ್ನು ಅಲ್ಲಿ ಗೌರವದಿಂದ ಕರೆಯುವುದೇ ಬಾಯಿ ಅಂತ. ಲುಕ್ಸ್ ಪೋರ್ಚುಗೀಸಿನಲ್ಲಿ ಲುಜ್ ಆಯಿತು. ಚೆನ್ನೈನ ಮೈಲಾಪುರದಲ್ಲಿ ಲಸ್ ಕಾರ್ನರ್ ಇದೆಯಲ್ಲ, ನಮ್ಮವರು ಎಷ್ಟೋ ಜನ ಅಲ್ಲಿ ಬಸ್ಸಿಳಿದಿದ್ದೀರಿ, ಆ ಹೆಸರು ಬಂದಿದ್ದು ಅಲ್ಲಿನ 'ಬೆಳಕಿನ ಮಾತೆ' ಚರ್ಚಿನಿಂದ. ಪೋರ್ಚುಗೀಸರು 16ನೇ ಶತಮಾನದಲ್ಲಿ ಕಟ್ಟಿದ್ದು. ಸಮುದ್ರದಲ್ಲಿ ದಾರಿ ತಪ್ಪಿದ ನಾವಿಕರಿಗೆ ದಡದಲ್ಲಿ ಒಂದು ಬೆಳಕು ಕಂಡಿತಂತೆ, ಅದನ್ನು ಹಿಡಿದು ಬಂದು ಬದುಕಿದರಂತೆ.

ದೇಶದ ಹೆಸರೂ ಆಗಿದೆ ಇದು. ಕೆರಿಬಿಯನ್ ಸಮುದ್ರದ ಸೇಂಟ್ ಲೂಸಿಯಾ, ವೆಸ್ಟ್ ಇಂಡೀಸ್ ಕ್ರಿಕೆಟ್ ನೋಡುವವರಿಗೆ ಗೊತ್ತಿರುತ್ತದೆ. 1979ರಲ್ಲಿ ಸ್ವತಂತ್ರವಾಯಿತು. ಹೆಣ್ಣಿನ ಹೆಸರು ಹೊತ್ತ ದೇಶಗಳು ಭೂಮಿಯ ಮೇಲೆ ಬಹಳ ಅಪರೂಪ.

ಕೊನೆಗೆ ನನಗೆ ತುಂಬಾ ಇಷ್ಟವಾದ ಲೂಸಿ. ಅವಳಿಗೆ 32 ಲಕ್ಷ ವರ್ಷ. 1974ರ ನವೆಂಬರ್ 24ರಂದು ಇಥಿಯೋಪಿಯಾದ ಹದಾರ್ ಎಂಬಲ್ಲಿ ಡೊನಾಲ್ಡ್ ಜೊಹಾನ್ಸನ್ ಮತ್ತು ಸಂಗಡಿಗರಿಗೆ ಅವಳ ಮೂಳೆಗಳು ಸಿಕ್ಕಿದವು. ಮೂರೂವರೆ ಅಡಿ ಎತ್ತರ, ಆದರೆ ಎರಡು ಕಾಲಿನ ಮೇಲೆ ನಡೆಯುತ್ತಿದ್ದಳು. ನಮ್ಮ ಹಳೆಯ ನೆಂಟಳು. ಆ ರಾತ್ರಿ ಡೇರೆಯಲ್ಲಿ ಟೇಪ್ ರೆಕಾರ್ಡರಿನಲ್ಲಿ ಬೀಟಲ್ಸ್ ತಂಡದ ಒಂದು ಹಾಡು ಮತ್ತೆ ಮತ್ತೆ ಓಡುತ್ತಿತ್ತು, ಅದರಲ್ಲಿ ಲೂಸಿ ಅನ್ನುವ ಹೆಸರು ಬರುತ್ತದೆ, ಹಾಗೆ ಇವಳು ಲೂಸಿಯಾದಳು. ಇಥಿಯೋಪಿಯಾದವರು ತಮ್ಮ ಅಮ್ಹಾರಿಕ್ ಭಾಷೆಯಲ್ಲಿ ಅವಳಿಗೆ ದಿಂಕಿನೇಶ್ ಅನ್ನುತ್ತಾರೆ. 'ನೀನು ಅದ್ಭುತ' ಅಂತ ಅರ್ಥ. ಅವಳ ಹೆಸರನ್ನು ನಾಸಾದವರು ಒಂದು ನೌಕೆಗೆ ಇಟ್ಟರು. 2021ರ ಅಕ್ಟೋಬರ್ 16ರಂದು ಹೊರಟ ಲೂಸಿ ನೌಕೆ 2023ರ ನವೆಂಬರ್ 1ರಂದು ಒಂದು ಪುಟ್ಟ ಕ್ಷುದ್ರಗ್ರಹದ ಪಕ್ಕ ಹಾದುಹೋಯಿತು. ಆ ಕ್ಷುದ್ರಗ್ರಹಕ್ಕೆ ದಿಂಕಿನೇಶ್ ಅಂತಲೇ ಹೆಸರಿಟ್ಟಿದ್ದಾರೆ. ಈಗ ಅದು ಗುರುಗ್ರಹದ ದಾರಿಯಲ್ಲಿರುವ ಕ್ಷುದ್ರಗ್ರಹಗಳನ್ನು ನೋಡಲು ಹೋಗುತ್ತಿದೆ. ಎರಡು ದೊಡ್ಡ ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಸೌರಫಲಕಗಳೇ ಅದಕ್ಕೆ ಜೀವ. ಬೆಳಕು ಅನ್ನುವ ಹೆಸರಿನವಳು ಬೆಳಕನ್ನೇ ಕುಡಿದುಕೊಂಡು ಹೋಗುತ್ತಿದ್ದಾಳೆ.

ಮಾತು ಮುಗಿದ ಮೇಲೆ ಒಬ್ಬರು ಬಂದು ಮೆಲ್ಲಗೆ ಕೇಳಿದರು. "ಅಮ್ಮಾ, ನನ್ನ ಮಗ ಸೊಸೆ ಹೊರದೇಶದಲ್ಲಿದ್ದಾರೆ. ಮೊಮ್ಮಗಳಿಗೆ ಲೂಸಿಯಾ ಅಂತ ಇಡ್ತೀವಿ ಅಂತಿದ್ದಾರೆ. ನಾನು ಬೇಡ ಅಂದಿದ್ದೆ. ಇಲ್ಲಿಗೆ ಬಂದಾಗ ಮಕ್ಕಳು ಲೂಸು ಅಂತಾರೆ ಅಂತ ಭಯ. ಏನು ಮಾಡ್ಲಿ?"

ಇಡಲಿ ಅಂದೆ. ಮಕ್ಕಳು ಅನ್ನಬಹುದು, ನಮ್ಮ ಕ್ಲಾಸಿನಲ್ಲೂ ಅಂದರು. ಆದರೆ ಹೆಸರಿನ ಅರ್ಥ ಕೇಳಿದಾಗ ಆ ಮಗು ಗೊತ್ತಿಲ್ಲ ಅನ್ನಬಾರದು, ಅದನ್ನು ನೀವೇ ಕಲಿಸಿ. ಕಾಗದದಲ್ಲಿ ಲೂಸಿಯಾ ಇರಲಿ, ಮನೆಗೆ ಬಂದಾಗ ನೀವು ನಿಮ್ಮ ಬಾಯಿಗೆ ಒಗ್ಗುವ ಹಾಗೆ ರುಚಿ ಅಂತ ಕರೆಯಿರಿ. ಬೇರೆ ಹೆಸರು ಇಟ್ಟ ಹಾಗೇನೂ ಆಗುವುದಿಲ್ಲ.